ಸಂಚಕಾರ ಕೊಡುವ ಮೊದಲು: ದೇವರ ಚಿತ್ತ ತಿಳಿಯುವ ಬಗೆ

ಸೊಲ್ಲಾಪುರದಿಂದ ಬಂದ ಸಂಬಂಧ, ಪುಣೆಯ ಕೆಲಸ, ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರದ ಹಣ. ವಿಜಯಪುರ, ಬಾಗಲಕೋಟೆ ಕಡೆಯ ಕ್ರೈಸ್ತ ಸಭೆಗಳಲ್ಲಿ "ದೇವರ ಚಿತ್ತ ತಿಳಿಯಬೇಕು, ಪ್ರಾರ್ಥನೆ ಮಾಡ್ರಿ" ಎಂದು ಯಾರಾದರೂ ಕೇಳಿಕೊಂಡರೆ ಅದರ ಹಿಂದೆ ಇಂಥದ್ದೇನೋ ಇರುತ್ತದೆ. ಪ್ರಾರ್ಥನೆ ಬೇಕೇ ಬೇಕು. ಆದರೆ ಏನು ಕೇಳುತ್ತಿದ್ದೇವೆಂದು ನಮಗೇ ಗೊತ್ತಿಲ್ಲದಿದ್ದರೆ ಉತ್ತರ ಬಂದರೂ ಗುರುತು ಹತ್ತುವುದಿಲ್ಲ.

ಆದ್ದರಿಂದ ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ಕರ್ತನೇ, ನನ್ನ ಬಾಳಿನಲ್ಲಿ ನಿನ್ನ ಚಿತ್ತವೇನು" ಎಂಬುದು ಒಳ್ಳೆಯ ಪ್ರಾರ್ಥನೆ, ಆದರೆ ಅದರಿಂದ ನಿರ್ಧಾರ ಹೊರಡುವುದಿಲ್ಲ. "ಪುಣೆಯ ನರ್ಸ್ ಕೆಲಸಕ್ಕೆ ಈ ತಿಂಗಳ 20ರೊಳಗೆ ಹೂಂ ಅನ್ನಲೋ, ಬೇಡವೋ" ಎಂದು ಬರೆಯಿರಿ. ಆ 20ನೇ ತಾರೀಖು ಗೊತ್ತು ಮಾಡಿದವರು ಯಾರು ಎಂಬುದನ್ನೂ ಕೆಳಗೆ ಬರೆಯಿರಿ. ಆಸ್ಪತ್ರೆಯವರು ಕೊಟ್ಟ ಗಡುವಾದರೆ ಸರಿ. ಪ್ಲಾಟಿನ ಏಜೆಂಟ್ "ನಾಳೆ ಸಂಚಕಾರ ಕೊಡದಿದ್ದರೆ ಬೇರೆಯವರು ಒಯ್ಯುತ್ತಾರೆ" ಎಂದು ಗಡಿಬಿಡಿ ಮಾಡುತ್ತಿದ್ದರೆ ಅದು ಅವನ ಅವಸರ, ದೇವರದಲ್ಲ.

ಮುಂದೆ, ದೇವರು ಆಗಲೇ ಹೇಳಿಬಿಟ್ಟದ್ದನ್ನು ಬೇರೆ ಮಾಡಿ. ಸುಳ್ಳು ಅನುಭವ ಪ್ರಮಾಣಪತ್ರ ಕೊಟ್ಟು ಸೇರುವ ಕೆಲಸ, ಲಂಚ ಕೊಟ್ಟರೆ ಮಾತ್ರ ಸಿಗುವ ಹುದ್ದೆ, ವಯಸ್ಸಾದ ಅವ್ವ-ಅಪ್ಪನನ್ನು ನೋಡುವವರಿಲ್ಲದೆ ಬಿಟ್ಟು ಹೋಗುವುದು (1 ತಿಮೊಥೆ 5:8) — ಇವಕ್ಕೆ ಮೂರು ದಿನದ ಉಪವಾಸ ಪ್ರಾರ್ಥನೆ ಬೇಡ, ಉತ್ತರ ಬರೆದಿದೆ. ಉಳಿದ ಬಹಳಷ್ಟು ವಿಷಯಗಳಲ್ಲಿ ದೇವರು ಬೇಲಿ ಹಾಕಿ ಒಳಗೆ ಜಾಗ ಬಿಟ್ಟಿದ್ದಾನೆ. ವಿಧವೆಯ ಮದುವೆಯ ಬಗ್ಗೆ ಅಪೊಸ್ತಲ ಪೌಲ ಹೇಳುವುದನ್ನು ನೋಡಿ (1 ಕೊರಿಂಥ 7:39): ಇಷ್ಟವಾದವನನ್ನು ಮದುವೆಯಾಗಲು ಅವಳು ಸ್ವತಂತ್ರಳು, ಆದರೆ ಅದು ಕರ್ತನಲ್ಲಿ ಆಗಬೇಕು. ಬೇಲಿ ಒಂದು, ಒಳಗೆ ಸ್ವಾತಂತ್ರ್ಯ. ಇದನ್ನು ಮರೆತವರು ದೇವರ ಚಿತ್ತ ಎಂದರೆ ಒಂದೇ ಒಂದು ಬಾಗಿಲು, ತಪ್ಪಿದರೆ ಬಾಳೇ ಹೋಯಿತು ಎಂದು ಹೆದರಿ ನಡುಗುತ್ತಾರೆ.

ರೋಮಾಪುರದವರಿಗೆ 12:2ರಲ್ಲಿ ದೇವರ ಚಿತ್ತವನ್ನು "ವಿವೇಚಿಸುವ" ಮಾತು ಬರುತ್ತದೆ. ಮೂಲ ಗ್ರೀಕಿನಲ್ಲಿ ಅದು ಲೋಹವನ್ನು ಪರೀಕ್ಷೆ ಮಾಡುವುದಕ್ಕೂ ಬಳಸುವ ಪದ. ಅಕ್ಕಸಾಲಿಗ ಚಿನ್ನವನ್ನು ಒರೆಗೆ ಹಚ್ಚಿದ ಹಾಗೆ. ಹಚ್ಚಬೇಕಾದರೆ ಕೈಯಲ್ಲಿ ಚಿನ್ನ ಇರಬೇಕಲ್ಲ? ಅದಕ್ಕೇ ಮಾಹಿತಿ ಕೂಡಿಸುವುದೂ ಪ್ರಾರ್ಥನೆಯ ಭಾಗವೇ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುವೇ ಹೇಳಿದ (ಲೂಕ 14:28). ಜಾಗವಾದರೆ ಉತಾರ, 30 ವರ್ಷದ ಋಣಭಾರ ಪತ್ರ, ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿದೆಯೋ ಇಲ್ಲವೋ, ಹಿಸ್ಸೆದಾರರೆಲ್ಲ ಸಹಿ ಮಾಡುತ್ತಾರೋ. ಕೆಲಸವಾದರೆ ಸಂಬಳದಲ್ಲಿ ರೂಮಿನ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಖರ್ಚು ಕಳೆದು ಉಳಿಯುವುದೆಷ್ಟು, ಭಾನುವಾರದ ಡ್ಯೂಟಿ ಎಷ್ಟು, ಆರಾಧನೆಗೆ ಸಭೆ ಹತ್ತಿರವಿದೆಯೋ. ಮದುವೆಯಾದರೆ ಸಾಲ, ಕುಡಿತ, ಆರೋಗ್ಯ, ಎಲ್ಲಿ ಇರುವುದು ಎಂಬುದನ್ನು ಬಾಯಿಬಿಟ್ಟು ಕೇಳಬೇಕು. ಹುಡುಗ-ಹುಡುಗಿ ಹಿರಿಯರಿಲ್ಲದೆ ಕನಿಷ್ಠ ಮೂರು ಸಲ ಮಾತಾಡಬೇಕು. ಇದನ್ನು ಅಪನಂಬಿಕೆ ಎನ್ನುವವರಿದ್ದಾರೆ. ಅಲ್ಲ. ದೇವರು ಕೊಟ್ಟ ಬುದ್ಧಿಯನ್ನು ದೇವರ ಮುಂದೆಯೇ ಬಳಸುವುದು ಇದು.

ಸಲಹೆಗೆ ಮೂವರು ಸಾಕು: ಆ ವಿಷಯ ಗೊತ್ತಿದ್ದವರು ಒಬ್ಬರು, ನಿಮ್ಮ ಆತ್ಮಿಕ ಜೀವನ ಬಲ್ಲ ಪಾಸ್ಟರ್, ಫಾದರ್ ಅಥವಾ ಸಭೆಯ ಹಿರಿಯರು ಒಬ್ಬರು, ನಿಮ್ಮ ನಿರ್ಧಾರದ ಭಾರ ಹೊರಬೇಕಾದವರು ಒಬ್ಬರು. ಈ ಮೂರನೆಯವರನ್ನೇ ಜನ ಮರೆಯುವುದು. ಕಾಕಾನನ್ನು ಕೇಳುತ್ತಾರೆ, ಹೆಂಡತಿಯನ್ನು ಕೇಳುವುದಿಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ನಿಮ್ಮ ಮನಸ್ಸು ಎತ್ತ ವಾಲಿದೆ ಎಂದು ಮೊದಲೇ ಹೇಳಬೇಡಿ.

ಪ್ರವಾದನೆ ಹೇಳುವವರು "ಈ ಹುಡುಗನೇ ಎಂದು ಕರ್ತನು ತೋರಿಸಿದ" ಎಂದರೆ? ತಾತ್ಸಾರ ಮಾಡಬೇಡಿ, ಹಾಗೆಂದು ತಲೆಬಾಗಲೂ ಬೇಡಿ. 1 ಥೆಸಲೋನಿಕ 5:20-21 ಎರಡನ್ನೂ ಒಟ್ಟಿಗೆ ಹೇಳುತ್ತದೆ, ಅಲ್ಲಿ "ಪರಿಶೋಧಿಸಿ" ಎನ್ನುವುದೂ ಅದೇ ಒರೆಗಲ್ಲಿನ ಪದ. ಪರಿಶೋಧಿಸಲು ಬಿಡದೆ ಶಾಪದ ಹೆದರಿಕೆ ಹಾಕುವವರ ಮಾತು ಅಲ್ಲಿಗೇ ಬಿಡಿ.

ಗುರುತು ಕೇಳುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುತ್ತಾರೆ. ಕಣ್ಣುಮುಚ್ಚಿ ಬೈಬಲ್ ತೆರೆದು ಬೆರಳಿಡುವುದು, ಹೊಸ ವರ್ಷಕ್ಕೆಂದು ಎತ್ತಿದ ವಾಗ್ದಾನದ ವಚನದ ಚೀಟಿಯನ್ನು ಮದುವೆಗೆ ಹೊಂದಿಸುವುದು. ಗಿದ್ಯೋನ ಕುರಿಯ ತುಪ್ಪಟವನ್ನು ಕಣದಲ್ಲಿ ಹರಡಿ, ಅದರ ಮೇಲೆ ಮಾತ್ರ ಮಂಜು ಬೀಳಲಿ ಎಂದು ಗುರುತು ಕೇಳಿದ್ದು ಎಲ್ಲರಿಗೂ ನೆನಪಿದೆ; ಆದರೆ ಅವನಿಗೆ ದೇವರು ಆಗಲೇ ಸ್ಪಷ್ಟವಾಗಿ ಹೇಳಿಯಾಗಿತ್ತು (ನ್ಯಾಯಸ್ಥಾಪಕರು 6:14), ಅವನು ಕೇಳಿದ್ದು ಹೊಸ ದಾರಿಯನ್ನಲ್ಲ. "ಬಾಗಿಲು ತೆರೆಯಿತು" ಎಂಬುದೂ ಸಾಲದು. ಪ್ರವಾದಿ ಯೋನನಿಗೆ ಯೊಪ್ಪ ಬಂದರಿನಲ್ಲಿ ಹಡಗು ಸಿದ್ಧವಾಗಿಯೇ ಸಿಕ್ಕಿತ್ತು, ಅವನು ದೇವರಿಂದ ಓಡಿಹೋಗುತ್ತಿದ್ದ.

ಇಷ್ಟಾದ ಮೇಲೆ ಮನಸ್ಸನ್ನು ಒರೆಗೆ ಹಚ್ಚಿ. ಯೇಸು ಸಭೆ (ಜೆಸ್ಯೂಟ್) ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘವನ್ನು ಸ್ಥಾಪಿಸಿದ ಲೊಯೊಲಾದ ಸಂತ ಇಗ್ನೇಷಿಯಸ್ (1491–1556) ತೋರಿಸಿದ ದಾರಿಯಿಂದ ಎಲ್ಲ ಸಭೆಯವರೂ ಕಲಿಯಬಹುದು. ಅದನ್ನು ಹೀಗೆ ಅಭ್ಯಾಸ ಮಾಡಿ. ಮೂರು ದಿನ "ಹೋಗುತ್ತೇನೆ" ಎಂದೇ ನಿರ್ಧರಿಸಿದವರ ಹಾಗೆ ಇರಿ, ಯಾರಿಗೂ ಹೇಳದೆ. ಇನ್ನು ಮೂರು ದಿನ "ಹೋಗುವುದಿಲ್ಲ" ಎಂದು. ದಿನಾ ರಾತ್ರಿ ಹತ್ತು ನಿಮಿಷ ಪ್ರಾರ್ಥಿಸಿ ಎರಡೇ ಸಾಲು ಬರೆಯಿರಿ: ಇವತ್ತು ದೇವರ ಮೇಲಿನ ಪ್ರೀತಿ, ಬೇರೆಯವರ ಕಾಳಜಿ ಹೆಚ್ಚಿತೋ, ನನ್ನ ಚಿಂತೆಯೇ ಹೆಚ್ಚಿತೋ. ಏಳನೆಯ ದಿನ ಓದಿ ನೋಡಿ. ಇಲ್ಲಿ ಒಂದು ಎಚ್ಚರ: ಸಮಾಧಾನ ಬೇರೆ, ಪಾರಾದೆನೆಂಬ ನಿರಾಳ ಬೇರೆ. ಅತ್ತೆಮನೆಯ ಕಷ್ಟ ತಪ್ಪಿತು, ಸಾಲ ಕೊಟ್ಟವನ ಕೈಗೆ ಸಿಗುವುದಿಲ್ಲ ಎಂಬ ನಿರಾಳ ಮೊದಲ ದಿನ ಜೋರಾಗಿದ್ದು ಮೂರನೆಯ ದಿನಕ್ಕೆ ಇಳಿದುಹೋಗುತ್ತದೆ. ಸಮಾಧಾನ ಹೆಚ್ಚಾಗಿ ಸದ್ದಿಲ್ಲದೆ ಉಳಿಯುತ್ತದೆ, ಜೊತೆಗೆ ಭಯವಿದ್ದರೂ.

ಎರಡೂ ಕಡೆ ತೂಕ ಸಮವಾದರೆ ಇಗ್ನೇಷಿಯಸರ ಇನ್ನೊಂದು ಉಪಾಯವಿದೆ: ನಿಮಗೆ ಪರಿಚಯವೇ ಇಲ್ಲದವನೊಬ್ಬ ಇದೇ ಪ್ರಶ್ನೆ ತಂದರೆ ಏನು ಹೇಳುತ್ತಿದ್ದಿರಿ? ಅದನ್ನೇ ನೀವೂ ಮಾಡಿ.

ನಿರ್ಧಾರವನ್ನು ತಾರೀಖು ಹಾಕಿ, ಮೂರು-ನಾಲ್ಕು ಕಾರಣಗಳ ಸಮೇತ ಬರೆದು ದೇವರಿಗೆ ಒಪ್ಪಿಸಿ. ನಂತರ ಕಷ್ಟ ಬಂದರೆ ತಪ್ಪಿದೆವು ಎಂದುಕೊಳ್ಳಬೇಡಿ. ತ್ರೋವದಲ್ಲಿ ರಾತ್ರಿ ದರ್ಶನ ಕಂಡು, ಜೊತೆಗಾರರೊಂದಿಗೆ ನಿಶ್ಚಯಿಸಿ ಮಕೆದೋನ್ಯಕ್ಕೆ ಹೊರಟ ಪೌಲ ಫಿಲಿಪ್ಪಿಯಲ್ಲಿ ಏಟು ತಿಂದು ಸೆರೆಮನೆ ಸೇರಿದ (ಅಪೊಸ್ತಲರ ಕೃತ್ಯಗಳು 16). ಪರಿಸ್ಥಿತಿ ನಿಜವಾಗಿ ಬದಲಾದರೆ ಮತ್ತೆ ಕುಳಿತು ಯೋಚಿಸಬಹುದು. ಮನಸ್ಸು ಕುಗ್ಗಿದ ದಿನ, ಪ್ರಾರ್ಥನೆ ಒಣಗಿದಂತೆ ಅನಿಸುವ ದಿನ ಮಾತ್ರ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ. ಅಂಥ ರಾತ್ರಿ ನೋಟ್‌ಬುಕ್ ತೆಗೆದು ಆ ಪುಟವನ್ನು ಮತ್ತೆ ಓದಿ.