6 ಪಿಎಸ್‌ಐ ಗಾಳಿಯಲ್ಲಿ ಒಂದು ಚಳಿಗಾಲ

"ಹಿಮದಲ್ಲಿ ಎಲೆಕ್ಟ್ರಿಕ್ ಫ್ಯಾಟ್ ಬೈಕಾ? 30 ಕೆಜಿ ಭಾರ ತಳ್ಳಿಕೊಂಡು ಮನೆಗೆ ಬರ್ತೀಯ, ನೋಡ್ತಿರು" ಅಂದಿದ್ದರು ಜೊತೆಯವರು, ನನ್ನ ದಪ್ಪ ಟೈರಿನ ಸೈಕಲ್ ನೋಡಿ. ಮೊದಲ ಚಳಿಗಾಲದಲ್ಲಿ ಹಾಗೇ ಆಯಿತು. ನಾಲ್ಕೈದು ಸಲ ತಳ್ಳಿಕೊಂಡೇ ಬಂದೆ. ಈ ಚಳಿಗಾಲ ಏನಿಲ್ಲವೆಂದರೂ 900 ಕಿಲೋಮೀಟರ್ ಓಡಿಸಿದ್ದೇನೆ. ಅವತ್ತು ನಕ್ಕವರಲ್ಲಿ ಇಬ್ಬರು ಈಗ ನನ್ನ ಟೈರ್ ಒತ್ತಿ ನೋಡಿ ಹೋಗುತ್ತಾರೆ.

ನಾನು ಮೊದಲು ಕೆಟ್ಟಿದ್ದು ಪವರ್ ಆಸೆಯಿಂದ. ಹಿಂದಿನ ಚಕ್ರದ ನಡುವೆ ಕೂರುವ 500 ವಾಟ್ ಹಬ್ ಮೋಟಾರ್ ತೆಗೆಸಿ 750 ವಾಟಿನದು ಹಾಕಿಸಿದೆ. ಥ್ರಾಟಲ್ ಕೊಟ್ಟರೆ ಹಿಂದಿನ ಚಕ್ರ ನಿಂತಲ್ಲೇ ಗುಂಡಿ ತೋಡುತ್ತಿತ್ತು, ಬೈಕ್ ಮುಂದೆ ಹೋಗುತ್ತಿರಲಿಲ್ಲ. ಎರಡು ತಿಂಗಳಲ್ಲಿ ಮೋಟಾರ್ ಒಳಗಿನ ನೈಲಾನ್ ಗೇರಿನ ಹಲ್ಲು ಉದುರಿದವು. ಆ ದುಡ್ಡಿಗೆ ಒಂದು ಜೊತೆ ಒಳ್ಳೆಯ ಸ್ಟಡ್ ಟೈರ್ (ಲೋಹದ ಮೊಳೆಗಳಿರುವಂಥದ್ದು) ಬರುತ್ತಿತ್ತು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಗಾಳಿ. 4 ಇಂಚಿನ ಟೈರಿಗೆ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ ಹಿಮಕ್ಕಿಳಿದರೆ ಅದು ಚಾಕುವಿನ ಹಾಗೆ ಹಿಮ ಕೊರೆದು ಕೂರುತ್ತದೆ. 6ಕ್ಕೆ ಇಳಿಸಿದೆ, ತೇಲಿತು. ಆದರೆ ಬೆಚ್ಚಗಿನ ಮನೆಯೊಳಗೆ 6 ಹಿಡಿಸಿ ಮೈನಸ್ 15 ಡಿಗ್ರಿಗೆ ಹೊರಟರೆ, ಟೈರ್ ತಣ್ಣಗಾಗುವಷ್ಟರಲ್ಲಿ ಮೂರೂವರೆಯ ಹತ್ತಿರ ಬಂದಿರುತ್ತದೆ. ನನಗದು ಗೊತ್ತಾಗಿದ್ದು ರಿಮ್ ಕಲ್ಲಿಗೆ ಬಡಿದ ಮೇಲೆ! ಈಗ ಮನೆಯಲ್ಲಿ 9 ತುಂಬಿ, ಹೊರಗೆ ಹತ್ತು ನಿಮಿಷ ನಿಲ್ಲಿಸಿ, ಆಮೇಲೆ ಇಳಿಸುತ್ತೇನೆ. ದೊಡ್ಡ ಪಂಪಿನ ಗೇಜನ್ನು ಇಷ್ಟು ಕಡಿಮೆ ಗಾಳಿಗೆ ನಂಬಬೇಡಿ. 15 ಪಿಎಸ್‌ಐವರೆಗೆ ಮಾತ್ರ ತೋರಿಸುವ ಪುಟ್ಟ ಗೇಜ್ ತಗೊಳ್ಳಿ.

ಗಾಳಿ ಇಳಿಸಿದ್ದಕ್ಕೆ ಹೊಸ ಕಾಟ ಶುರುವಾಯಿತು. ಮೋಟಾರ್ ಎಳೆತಕ್ಕೆ ರಿಮ್ ತಿರುಗುತ್ತದೆ, ಟೈರ್ ಮಾತ್ರ ಹಿಂದೆ ಉಳಿಯುತ್ತದೆ. ಒಳಗಿನ ಟ್ಯೂಬ್ ಟೈರಿನ ಜೊತೆಗೇ ಜಾರಿ ವಾಲ್ವ್ ದಿನದಿನಕ್ಕೆ ವಾಲುತ್ತಾ ಹೋಗಿ, ಒಂದು ಬೆಳಿಗ್ಗೆ ಬುಡದಲ್ಲೇ ಕಿತ್ತುಬಂತು. ಹೀಗೆ ಮೂರು ಟ್ಯೂಬ್ ಕಳೆದುಕೊಂಡೆ. ಈಗ ಟೈರಿಂದ ರಿಮ್ಮಿಗೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ತುಂಡಾಗಿ ಕಂಡರೆ ಜಾರಿದೆ ಎಂದರ್ಥ. ಜಾರದಿರಲು ಟೈರಿನ ಅಂಚು ಕೂರುವ ಜಾಗಕ್ಕೆ ಏನೋ ಒಂದು ಸವರುತ್ತೇನೆ. ಅದೇನು ಅಂತ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಥ್ರಾಟಲ್ ಪೂರ್ತಿ ಕಿತ್ತು ಹಾಕಿದೆ. ಪೆಡಲ್ ತುಳಿದಾಗ ಮೋಟಾರ್ ಕೊಡುವ ನೆರವು, ಅಂದರೆ ಅಸಿಸ್ಟ್, ಒಂದು ಅಥವಾ ಎರಡನೇ ಹಂತ, ಅಷ್ಟೇ. ಟಾರ್ಕ್ ಸೆನ್ಸರ್ ಇದ್ದರೆ ಕಾಲಿನ ಒತ್ತಡಕ್ಕೆ ತಕ್ಕಂತೆ ಎಳೆಯುತ್ತದೆ. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಂತ ಮಾತ್ರ ನೋಡುವ ಕೇಡೆನ್ಸ್ ಸೆನ್ಸರ್ ಹಿಮದಲ್ಲಿ ದೊಡ್ಡ ತಲೆನೋವು, ಬೇಡದ ಕಡೆ ಜಗ್ಗುತ್ತದೆ.

ಬ್ಯಾಟರಿ ವಿಷಯದಲ್ಲೂ ಶುಲ್ಕ ಕಟ್ಟಿಯೇ ಕಲಿತೆ. ಹೊರಗಿಂದ ತಂದ ತಣ್ಣನೆ ಬ್ಯಾಟರಿಯನ್ನು ಹಾಗೇ ಚಾರ್ಜಿಗೆ ಹಾಕುತ್ತಿದ್ದೆ. ಸೊನ್ನೆಗಿಂತ ಕೆಳಗೆ ಲಿಥಿಯಂ ಸೆಲ್ ಚಾರ್ಜ್ ಮಾಡಬಾರದು ಅಂತ ಓದಿದ್ದೆ, ಅಸಡ್ಡೆ ಮಾಡಿದೆ. ಬ್ಯಾಟರಿ ಕೆಟ್ಟು, ಬೈಕಿನ ಬೆಲೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೋಯಿತು. ಈಗ ಎರಡು ಗಂಟೆ ಮನೆಯೊಳಗಿಟ್ಟು ಆಮೇಲೆ ಪ್ಲಗ್. ಹೊರಡುವಾಗಲೂ ಕೊನೆಯಲ್ಲಿ ಬ್ಯಾಟರಿ ಕೂರಿಸಿ, ಚಳಿ ತಡೆಯುವ ನಿಯೋಪ್ರೀನ್ ರಬ್ಬರ್ ಕವರ್ ಹಾಕುತ್ತೇನೆ. ಬೇಸಿಗೆಯಲ್ಲಿ 50 ಕಿಲೋಮೀಟರ್ ಕೊಡುತ್ತಿದ್ದದ್ದು ಹಿಮದಲ್ಲಿ 25, ಹೆಚ್ಚೆಂದರೆ 28.

ಆ ಕವರಿನೊಳಗೆ ಕೈ ಬೆಚ್ಚಗಿಡುವ ಪೊಟ್ಟಣ ತುರುಕಿಯೂ ನೋಡಿದೆ. ಅದರ ಪುಡಿ ಬಿಸಿಯಾಗಲು ಗಾಳಿ ಬೇಕಲ್ವಾ, ಬಿಗಿ ಕವರಿನಲ್ಲಿ ಅದೇ ತಣ್ಣಗಾಗಿ ಕೂತಿತ್ತು. ಮಡ್‌ಗಾರ್ಡಿಗೆ ಎಣ್ಣೆ ಸವರಿದ್ದೂ ಆಯಿತು. ಅರ್ಧ ಗಂಟೆ ಹಿಮ ಜಾರಿತು, ಆಮೇಲೆ ಕೊಳೆಯೆಲ್ಲ ಅಲ್ಲೇ ಮೆತ್ತಿಕೊಂಡಿತು. ಆದರೆ ಪೆಡಲ್ ನಿಂತರೂ ಹಿಂದಿನ ಚಕ್ರ ತಿರುಗಲು ಬಿಡುವ ಫ್ರೀಹಬ್ಬಿನ ಗ್ರೀಸ್ ಬದಲಾಯಿಸಿದ್ದು ಮಾತ್ರ ಸಾರ್ಥಕ. ದಪ್ಪ ಗ್ರೀಸ್ ಚಳಿಗೆ ಗಟ್ಟಿಯಾಗಿ, ಪೆಡಲ್ ತುಳಿದರೆ ಸುಮ್ನೆ ಗಾಳಿಯಲ್ಲಿ ತಿರುಗುತ್ತಿತ್ತು. ತೆಳು ಎಣ್ಣೆ ಬೆರೆಸಿದ ಮೇಲೆ ಒಮ್ಮೆಯೂ ಕೈಕೊಟ್ಟಿಲ್ಲ. ಎಷ್ಟು ಬೆರೆಸಬೇಕು ಅನ್ನೋದನ್ನು ನೀವೇ ಕಂಡುಕೊಳ್ಳಿ.

ಇಷ್ಟಾದರೂ ಒಂದು ಹಿಮ ನನಗಿನ್ನೂ ಬಗ್ಗಿಲ್ಲ. ಹಗಲು ಕರಗಿ, ವಾಹನಗಳು ಕಲಸಿ, ಒದ್ದೆ ಮರಳಿನ ಹಾಗಾದ ಕಂದು ಹಿಮ. ಅಲ್ಲಿ ಗಾಳಿ ಎಷ್ಟಿದ್ದರೂ ಮುಂದಿನ ಚಕ್ರ ತನಗೆ ಬೇಕಾದ ಕಡೆ ಹೋಗುತ್ತದೆ. ಇಳಿದು, ನಡಿಗೆಯ ವೇಗದಲ್ಲಿ ಬೈಕ್ ಎಳೆಯುವ ವಾಕ್ ಮೋಡ್ ಬಟನ್ ಒತ್ತಿ ಹಿಡಿದು, ಪಕ್ಕದಲ್ಲಿ ನಡೆಯುತ್ತೇನೆ. ಜೊತೆಯವರು ಯಾರೂ ನೋಡುತ್ತಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳುತ್ತೇನೆ.