ಅಕ್ಕ, ತಂಗಿ, ಗೆಳತಿ: ದಾಂಪತ್ಯದ ಬಿರುಕನ್ನು ಕಾದಂಬರಿಯಾಗಿಸುವ ಬಗೆ

ದಾಂಪತ್ಯದ ತೊಡಕನ್ನು ಕುರಿತು ಕಾದಂಬರಿ ಬರೆಯಲು ಹೊರಟವರು ಬಹುಮಟ್ಟಿಗೆ ಗಂಡ ಹೆಂಡತಿಯ ಜಗಳದಿಂದಲೇ ಆರಂಭಿಸುತ್ತಾರೆ. ಜಗಳ ಜೋರಾದ ಮೇಲೆ ಅಕ್ಕನೋ ಗೆಳತಿಯೋ ಬಂದು, ಕಾಫಿ ಕುಡಿದು, ಸಮಾಧಾನ ಹೇಳಿ ಹೊರಟುಹೋಗುತ್ತಾಳೆ. ಅವಳಿಗೆ ಬೇರೆ ಕೆಲಸವೇ ಇರುವುದಿಲ್ಲ. ಹೆಣ್ಣುಮಕ್ಕಳ ನಡುವಣ ಬಾಂಧವ್ಯವೇ ನಿಮ್ಮ ವಸ್ತುವಾಗಿದ್ದರೆ ಈ ಕ್ರಮವನ್ನು ತಿರುಗಿಸಬೇಕಾಗುತ್ತದೆ. ಗಂಡ ಏನು ಮಾಡಿದ ಎಂಬುದನ್ನು ನಿರ್ಧರಿಸುವುದಕ್ಕಿಂತ ಮೊದಲು, ಅದನ್ನು ಅವಳು ಯಾರಿಗೆ ಹೇಳಿದಳು, ಯಾರಿಂದ ಮುಚ್ಚಿಟ್ಟಳು, ಮುಚ್ಚಿಟ್ಟದ್ದು ಎಷ್ಟು ದಿನಕ್ಕೆ ಬಯಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಒಬ್ಬಳಿಗೆ ಹೇಳಿ ಇನ್ನೊಬ್ಬಳಿಗೆ ಹೇಳದೆ ಉಳಿದ ಮಾತಿನಿಂದಲೇ ಈ ಬಗೆಯ ಕಾದಂಬರಿ ಬೆಳೆಯುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆಯನ್ನು ಕಟ್ಟಿಕೊಂಡು ಮುಂದುವರಿಯೋಣ. ತಿಪಟೂರಿನ ಹತ್ತಿರದ ಹಳ್ಳಿಯೊಂದರ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದ ಅಕ್ಕ ವಸುಧಾ 1993ರಲ್ಲಿ ಮದುವೆಯಾಗಿ ಅರಸೀಕೆರೆಯಲ್ಲಿದ್ದಾಳೆ. ತಂಗಿ ಚಿತ್ರಾ 2001ರಲ್ಲಿ ಮದುವೆಯಾಗಿ ಬೆಂಗಳೂರು ಸೇರಿದ್ದಾಳೆ. ಚಿತ್ರಾಳ ಹಾಸ್ಟೆಲ್ ದಿನಗಳ ಗೆಳತಿ ಶಾಹೀನ್ ತುಮಕೂರಿನಲ್ಲಿ ಶಾಲಾ ಶಿಕ್ಷಕಿ. ಚಿತ್ರಾಳ ಗಂಡ ಅವಳ ಹೆಸರಿನಲ್ಲಿ ಸಾಲದ ಮೇಲೆ ಸಾಲ ಮಾಡಿರುವುದು ಅವಳಿಗೆ ಆರು ತಿಂಗಳಿಂದ ಗೊತ್ತು. ಶಾಹೀನಳಿಗೂ ಗೊತ್ತು. ವಸುಧಾಳಿಗೆ ಗೊತ್ತಿಲ್ಲ. ಕಥೆಯ ಕಾಲ 2024 ಎಂದಿಟ್ಟುಕೊಂಡರೆ ಅಕ್ಕನಿಗೆ ಐವತ್ತು ದಾಟಿದೆ, ತಂಗಿಗೆ ನಲವತ್ತಾರು. ಈ ವಯಸ್ಸನ್ನು ನಾನು ಬೇಕೆಂದೇ ಆರಿಸಿದ್ದೇನೆ. ಮಕ್ಕಳು ದೊಡ್ಡವರಾದ ಮೇಲೆ, ಮುಟ್ಟು ನಿಲ್ಲುವ ಹೊತ್ತಿಗೆ, ಇಷ್ಟು ವರ್ಷ ಯಾವುದಕ್ಕಾಗಿ ಸಹಿಸಿಕೊಂಡೆ ಎಂಬ ಪ್ರಶ್ನೆ ಎದುರಾಗುವ ಹೆಂಗಸರು ನಮ್ಮ ಸುತ್ತ ಎಷ್ಟೋ ಜನರಿದ್ದಾರೆ. ನಾಯಕಿಗೆ ಇಪ್ಪತ್ತೆಂಟೇ ಇರಬೇಕೆಂಬ ನಿಯಮವೇನೂ ಇಲ್ಲ.

ಮದುವೆಯ ಇಸವಿಗಳನ್ನೂ ಸುಮ್ಮನೆ ಹಾಕಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂದಾಗ, ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಎಂದರೆ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ವಸುಧಾ ಮತ್ತು ಚಿತ್ರಾರನ್ನು ಕಾನೂನು ಹನ್ನೊಂದು ವರ್ಷ ಬೇರೆ ಬೇರೆಯಾಗಿ ಕಂಡಿತ್ತು. ‘ನಿನಗೆ ಹಕ್ಕಿತ್ತು, ನನಗಿರಲಿಲ್ಲ’ ಎಂಬ ಮಾತನ್ನು ಅಕ್ಕ ಎಂದೂ ಬಾಯಿಬಿಟ್ಟು ಆಡಿರಲಾರಳು, ಆದರೆ ಅದು ಅವಳೊಳಗೆ ಉಳಿದಿರುತ್ತದೆ. ಈಗ ಅಣ್ಣ ತೋಟವನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಇಬ್ಬರಿಂದಲೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾನೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ವಸುಧಾ ಸಹಿ ಹಾಕುತ್ತಾಳೆ. ಸಾಲದಲ್ಲಿ ಮುಳುಗಿರುವ ಚಿತ್ರಾ ಹಾಕುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಇಬ್ಬರನ್ನೂ ಕೂರಿಸಿ ಆ ಅಧ್ಯಾಯವನ್ನು ಬರೆಯಿರಿ. ಗಂಡ ಅಲ್ಲಿಲ್ಲ, ಅಣ್ಣ ಒಳಗಿದ್ದಾನೆ. ಆದರೂ ತಂಗಿಯ ದಾಂಪತ್ಯದ ಕಥೆಯೆಲ್ಲ ಆ ಬೆಂಚಿನ ಮೇಲೆ ಮೌನವಾಗಿ ಕುಳಿತಿರುತ್ತದೆ.

ಇನ್ನು ಮಾತಿನ ವಿಷಯ. ಕನ್ನಡದಲ್ಲಿ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ನಾವು ಪೂರ್ತಿಯಾಗಿ ಬಳಸಿಕೊಳ್ಳುತ್ತಿಲ್ಲವೆಂಬುದು ನನ್ನ ಕೊರಗು. ನಮ್ಮಲ್ಲಿ ಏಕವಚನ ಬಹುವಚನಗಳೇ ಸಂಬಂಧವನ್ನು ಅಳೆಯುತ್ತವೆ. ವಸುಧಾ ತನಗಿಂತ ಚಿಕ್ಕವನೇ ಆಗಿರಬಹುದಾದ ತಂಗಿಯ ಗಂಡನನ್ನು ಇಷ್ಟು ವರ್ಷ ‘ಅವರು’ ಎಂದೇ ಕರೆದಿದ್ದಾಳೆ, ಊಟಕ್ಕೆ ‘ಬನ್ನಿ’ ಎಂದಿದ್ದಾಳೆ. ಸಾಲದ ವಿಷಯ ತಿಳಿದ ದಿನ ಅವಳ ಬಾಯಿಂದ ‘ಅವನು’ ಎಂಬ ಒಂದು ಪದ ಬಂದರೆ ಸಾಕು, ಅವಳ ಕೋಪವನ್ನು ವರ್ಣಿಸಲು ಪುಟಗಟ್ಟಲೆ ಬೇಕಾಗುವುದಿಲ್ಲ. ಅದಕ್ಕೆ ಚಿತ್ರಾ, ‘ಅಕ್ಕ, ಹಾಗನ್ನಬೇಡ’ ಎಂದು ತಡೆದರೆ, ಆ ಹೆಣ್ಣಿಗೆ ಗಂಡನ ಮೇಲೆ ಇನ್ನೂ ಏನು ಉಳಿದಿದೆಯೆಂಬುದು ಓದುಗರಿಗೆ ತಿಳಿಯುತ್ತದೆ. ಇಪ್ಪತ್ತಮೂರು ವರ್ಷ ‘ನಮ್ಮನೆಯವರು’ ಎಂದಷ್ಟೇ ಹೇಳುತ್ತಿದ್ದವಳು ವಕೀಲರ ಮುಂದೆ ಮೊದಲ ಬಾರಿಗೆ ಅವನ ಹೆಸರನ್ನು ಉಚ್ಚರಿಸುವ ಗಳಿಗೆಯೂ ಅಂಥದ್ದೇ. ಗೆಳತಿಯರ ಮಾತು ಬೇರೆ ಬಗೆಯದು: ಶಾಹೀನ್ ಮತ್ತು ಚಿತ್ರಾ ಐವತ್ತರ ಹತ್ತಿರ ಬಂದರೂ ಪರಸ್ಪರ ‘ಏನೇ’, ‘ಹೋಗೇ’, ‘ಸುಮ್ನಿರೇ’ ಎಂದೇ ಮಾತನಾಡುತ್ತಾರೆ, ಮತ್ತು ಆ ಸಲಿಗೆಯನ್ನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವ ಅಕ್ಕನಿಗೆ ತಾನು ಹೊರಗಿನವಳೆನ್ನಿಸುತ್ತದೆ.

ಬಂಧುತ್ವದ ಪದಗಳನ್ನೂ ಆಯಾ ಸೀಮೆಯಿಂದಲೇ ತೆಗೆದುಕೊಳ್ಳಿ. ಹಳೇ ಮೈಸೂರಿನ ಕಡೆ ಓರಗಿತ್ತಿಯಾದವಳು ಉತ್ತರ ಕರ್ನಾಟಕದ ಹಲವೆಡೆ ನೆಗೆಣ್ಣಿಯಾಗುತ್ತಾಳೆ. ಒಂದು ಕಡೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನದ ದುಡ್ಡು ಬರುತ್ತದೆ, ಇನ್ನೊಂದು ಕಡೆ ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ಹೆಣ್ಣುಮಕ್ಕಳು ದಾರಿ ಕಾಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಹಿ ಹಾಕದ ವರ್ಷ ಚಿತ್ರಾಳಿಗೆ ಗೌರಿ ಹಬ್ಬದ ದುಡ್ಡು ಬರುವುದಿಲ್ಲ. ಅದು ಐನೂರೋ ಸಾವಿರವೋ ರೂಪಾಯಿ. ಆದರೆ ಅದು ಬಾರದಿದ್ದುದನ್ನು ಅವಳು ಗಂಡನಿಂದ ಮುಚ್ಚಿಡಬೇಕು, ಅಕ್ಕ ತನ್ನ ಕೈಯಿಂದ ಕಳಿಸಿ ‘ಅಣ್ಣ ಕೊಟ್ಟ’ ಎಂದು ಸುಳ್ಳು ಹೇಳಬೇಕು. ಈ ಒಂದು ಸುಳ್ಳಿನಲ್ಲಿ ಅಕ್ಕತನವೆಂದರೇನೆಂಬುದು ಯಾವ ವಿವರಣೆಯೂ ಇಲ್ಲದೆ ಕಾಣುತ್ತದೆ. ವೈದೇಹಿಯವರು ಕುಂದಾಪುರದ ಕನ್ನಡವನ್ನು ಹೆಣ್ಣುಮಕ್ಕಳ ಅಡುಗೆಮನೆಯ ಮಾತಿನ ಸಮೇತ ಕಥೆಗೆ ತಂದ ಮೇಲೆ, ಅಕ್ಕ ತಂಗಿಯರು ಗ್ರಾಂಥಿಕ ಕನ್ನಡದಲ್ಲಿ ಅಳುವಂತೆ ಮಾಡುವುದಕ್ಕೆ ನಮಗೆ ನೆಪವೇ ಉಳಿದಿಲ್ಲ. ನಿರೂಪಣೆ ಶಿಷ್ಟವಾಗಿರಲಿ, ಮಾತು ಮಾತ್ರ ಮನೆಯದಾಗಿರಲಿ.

ವಿಚ್ಛೇದನದ ಪ್ರಸಂಗ ಬರುವುದಾದರೆ ಅದರ ನಡಾವಳಿಯನ್ನು ತಿಳಿದು ಬರೆಯಬೇಕು. ನ್ಯಾಯಾಧೀಶರ ಮುಂದೆ ಒಂದು ಸಲ ನಿಂತು, ಕಾಗದಕ್ಕೆ ಸಹಿ ಹಾಕಿ, ಮಳೆಯಲ್ಲಿ ನೆನೆಯುತ್ತ ಹೊರಬರುವ ದೃಶ್ಯಗಳು ಸಾಕಷ್ಟು ಬಂದಿವೆ. ನಿಜವಾದ ಕ್ರಮ ಅದಕ್ಕಿಂತ ನಿಧಾನದ್ದು, ಕಾದಂಬರಿಗೆ ಹೆಚ್ಚು ಒದಗಿಬರುವಂಥದ್ದು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನಂತೆ ಇಬ್ಬರೂ ಒಪ್ಪಿ ಬೇರೆಯಾಗಲು, ಅರ್ಜಿಗೆ ಮೊದಲು ಕನಿಷ್ಠ ಒಂದು ವರ್ಷ ಪ್ರತ್ಯೇಕವಾಗಿ ಬದುಕಿರಬೇಕು. ಅರ್ಜಿ ಸಲ್ಲಿಸಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು, ತಕ್ಕ ಸಂದರ್ಭಗಳಲ್ಲಿ ನ್ಯಾಯಾಲಯ ಆ ಕಾಯುವಿಕೆಯನ್ನು ಬಿಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಪ್ರತ್ಯೇಕವಾಗಿ ಬದುಕುವುದೆಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಗಂಡ ಹೆಂಡತಿಯಾಗಿ ಬಾಳದಿರುವುದೂ ಆ ಲೆಕ್ಕಕ್ಕೆ ಬರುತ್ತದೆ. ತೀರ್ಪು ಬರುವ ತನಕ ಇಬ್ಬರಲ್ಲಿ ಯಾರಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಈ ಪ್ರತಿಯೊಂದು ನಿಯಮದೊಳಗೂ ಒಂದೊಂದು ಅಧ್ಯಾಯವಿದೆ. ಗೆಳತಿಯ ಕಡೆ ಇಂಥ ಪ್ರಸಂಗ ಬಂದರೆ ಕಾನೂನೇ ಬೇರೆ. ಮುಸ್ಲಿಂ ಹೆಣ್ಣೊಬ್ಬಳು ನ್ಯಾಯಾಲಯದ ಮೂಲಕ ಬಿಡುಗಡೆ ಕೇಳುವುದಕ್ಕೆ 1939ರ ಕಾಯ್ದೆಯ ದಾರಿಯಿದೆ. ಹಾಸನದಲ್ಲಿ ವಕೀಲರಾಗಿದ್ದುಕೊಂಡೇ ಕಥೆ ಬರೆದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ಇಲ್ಲಿ ನೆನೆಯಬೇಕೆನಿಸುತ್ತದೆ.

ಕಾಲ ಸರಿಯುವುದನ್ನು ತೋರಿಸಲು ಕ್ಯಾಲೆಂಡರಿನ ಹಾಳೆ ಹಾರಿಸಬೇಕಾಗಿಲ್ಲ, ಆ ಊರೇ ಗಡಿಯಾರವನ್ನು ಕೊಡುತ್ತದೆ. ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ, ಒಳಗಿನ ನೀರು ಇಂಗಿ ಗಿಟುಕಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಚಿತ್ರಾ ಗಂಡನ ಮನೆ ಬಿಟ್ಟು ಬಂದ ವಾರ ಅಟ್ಟಕ್ಕೆ ಹಾಕಿದ ಕಾಯಿಗಳು, ಅವಳು ಅರ್ಜಿಗೆ ಅರ್ಹಳಾಗುವ ಹೊತ್ತಿಗೆ ಸುಲಿಯಲು ಬರುತ್ತವೆ. ಇದನ್ನು ಪಾತ್ರಗಳ ಬಾಯಲ್ಲಿ ಹೇಳಿಸಬೇಡಿ. ಅಟ್ಟದಿಂದ ಕಾಯಿ ಇಳಿಸುವ ಸದ್ದು ಕೇಳಿಸಿದರೆ ಸಾಕು.

ಓಡಾಟದ ವಿವರವನ್ನೂ ಕಡೆಗಣಿಸಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟಿನ ಹಣ ಕೊಡದೆ ಓಡಾಡುತ್ತಿದ್ದಾರೆ. ಎಂದರೆ ವಸುಧಾ ತಂಗಿಯನ್ನು ನೋಡಲು ಗಂಡನ ಹತ್ತಿರ ಬಸ್ ಚಾರ್ಜಿಗೆ ಕೈಚಾಚಬೇಕಾಗಿಲ್ಲ, ಯಾಕೆ ಹೋಗುತ್ತಿದ್ದೇನೆಂದು ಲೆಕ್ಕ ಒಪ್ಪಿಸಬೇಕಾಗಿಲ್ಲ. ಹಳೆಯ ಕಾದಂಬರಿಗಳಲ್ಲಿ ಅಕ್ಕ ಪತ್ರ ಬರೆಯುತ್ತಿದ್ದಳು; ಈಗ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ತಂಗಿಯ ಪಕ್ಕ ಒಂದೆರಡು ಗಂಟೆ ಕುಳಿತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳಬಲ್ಲಳು. ಕಥನದ ಸಾಧ್ಯತೆಯನ್ನೇ ಬದಲಿಸುವ ವಿವರವಿದು.

ಗಂಡನನ್ನು ರಾಕ್ಷಸನನ್ನಾಗಿ ಚಿತ್ರಿಸಿದರೆ ಕೆಲಸ ಸುಲಭವಾಗುತ್ತದೆ, ಕಾದಂಬರಿ ತೆಳುವಾಗುತ್ತದೆ. ಸಾಲ ಮಾಡಿದ ಮನುಷ್ಯ ಅತ್ತೆಯ ಆಸ್ಪತ್ರೆಯ ಖರ್ಚನ್ನು ಕೇಳದೆಯೇ ಕಟ್ಟಿದವನೂ ಆಗಿರಲಿ. ಹಾಗಾದಾಗ ವಸುಧಾಳ ‘ಅವನು’ ಅವಳ ಬಾಯಲ್ಲೇ ಕಹಿಯಾಗುತ್ತದೆ. ಹಾಗೆಂದು ಹೊಡೆತ ಬಡಿತವಿರುವ ದಾಂಪತ್ಯವನ್ನು ಹೊಂದಾಣಿಕೆಯ ಕೊರತೆಯೆಂದು ಮೃದುಗೊಳಿಸುವುದು ಬೇಡ; ಅಲ್ಲಿ ಲೇಖಕರ ನಿಲುವು ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು.

ಗೆಳತಿಯ ಪಾತ್ರಕ್ಕೆ ಅವಳದೇ ಆದ ಬದುಕು ಬೇಕು. ನಮ್ಮ ಶಾಹೀನಳ ದಾಂಪತ್ಯ ಚೆನ್ನಾಗಿದೆ, ಅದೇ ಅವಳ ಕಷ್ಟ. ಗಂಡ ತಂದ ಸೀರೆಯ ಸುದ್ದಿಯನ್ನು ಅವಳು ಚಿತ್ರಾಳಿಗೆ ಹೇಳುವಂತಿಲ್ಲ, ಮಗಳ ಮದುವೆ ಗೊತ್ತಾದ ಸಂತೋಷವನ್ನು ಒಂದು ತಿಂಗಳು ತಡೆದಿಟ್ಟುಕೊಳ್ಳುತ್ತಾಳೆ. ಅದು ಚಿತ್ರಾಳಿಗೆ ಬೇರೆಯವರಿಂದ ತಿಳಿದಾಗ, ತಾನು ಅಕ್ಕನಿಗೆ ಮಾಡಿದ್ದನ್ನೇ ಗೆಳತಿ ತನಗೆ ಮಾಡಿದ್ದಾಳೆಂದು ಅವಳಿಗೆ ಹೊಳೆಯುತ್ತದೆ. ಕಾದಂಬರಿಯ ತಿರುವು ಇಲ್ಲಿರಬೇಕು, ನ್ಯಾಯಾಲಯದಲ್ಲಿ ಅಲ್ಲ. ಮುಚ್ಚಿಟ್ಟದ್ದು ಪ್ರೀತಿಯಿಂದಲೋ ಅಪನಂಬಿಕೆಯಿಂದಲೋ ಎಂಬುದನ್ನು ಮೂವರೂ ತಮ್ಮ ತಮ್ಮ ಕಡೆಯಿಂದ ಅರಿತುಕೊಳ್ಳುವುದಕ್ಕೆ ನೀವು ಸಾಕಷ್ಟು ಪುಟಗಳನ್ನು ಕೊಡಬೇಕು; ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತುಬಿಡುವ ದೃಶ್ಯದಲ್ಲಿ ಅದನ್ನು ಮುಗಿಸಬಾರದು.

ಮೊದಲ ಕರಡು ಮುಗಿದ ಮೇಲೆ ಒಂದು ತಿಂಗಳು ಅದನ್ನು ಮುಟ್ಟದಿರಿ. ಅನಂತರ ಪೆನ್ಸಿಲ್ ಹಿಡಿದು, ಇಬ್ಬರು ಹೆಂಗಸರು ಗಂಡಸಿನ ಸುದ್ದಿಯಿಲ್ಲದೆ ಮಾತನಾಡಿದ ಪುಟಗಳನ್ನು ಗುರುತು ಮಾಡಿ. ಕೊಬ್ಬರಿಯ ದರ, ಮಂಡಿನೋವು, ಹಾಸ್ಟೆಲಿನ ಹಳೆಯ ವಾರ್ಡನ್, ತೀರಿಹೋದ ತಾಯಿ ಮಾಡುತ್ತಿದ್ದ ಒಬ್ಬಟ್ಟಿನ ಸಾರು, ಇಂಥ ಮಾತುಗಳ ಪುಟ ಕಡಿಮೆಯಿದ್ದರೆ ಸೇರಿಸಿ. ಆಮೇಲೆ ಹಸ್ತಪ್ರತಿಯನ್ನು ನಿಮ್ಮ ಅಕ್ಕನಿಗೋ ತಂಗಿಗೋ ಗಟ್ಟಿಯಾಗಿ ಓದಿ ಹೇಳಿ. ಯಾವ ಸಾಲಿಗೆ ಅವಳು ‘ನಾವು ಹೀಗೆ ಮಾತಾಡಲ್ಲವಲ್ಲ’ ಎನ್ನುತ್ತಾಳೋ ಅದನ್ನು ಅವಳೆದುರೇ ಹೊಡೆದುಹಾಕಿ, ಅವಳು ಹೇಗೆ ಹೇಳುತ್ತಿದ್ದಳೆಂದು ಕೇಳಿ ಬರೆದುಕೊಳ್ಳಿ.