ರೈಫಲ್ ಅಭ್ಯಾಸದಲ್ಲಿ ಆಧಾರ ಸಾಧನಗಳು: ಮರಳುಚೀಲದಿಂದ ಸ್ಲಿಂಗ್‌ವರೆಗೆ

ಬೆಳಗಾವಿಯ ಎನ್‌ಸಿಸಿ ಕೆಡೆಟ್ ಇರಲಿ, ಏರ್ ರೈಫಲ್ ಕಲಿಯಲು ಬಂದ ಶಾಲಾ ಬಾಲಕಿ ಇರಲಿ, ಗುಂಡುಗಳು ಗುರಿಹಲಗೆಯ ತುಂಬ ಚದುರಿದಾಗ ತಪ್ಪು ರೈಫಲಿನದೋ ತನ್ನದೋ ಎಂದು ತಿಳಿಯದೆ ಗೊಂದಲಕ್ಕೆ ಬೀಳುವುದು ಸಹಜ. ಇದನ್ನು ಬಿಡಿಸಿ ತೋರಿಸಲು ರೈಫಲ್ ಅಲುಗದಂತೆ ಆಸರೆ ಕೊಡುವ ಆಧಾರ ಸಾಧನಗಳು ಬೇಕು. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ತೊಡದೆ, ಒಂದೊಂದಾಗಿ ಬಳಸಬೇಕು.

ಆರಂಭ ಮರಳುಚೀಲದಿಂದಾಗಲಿ. ದಪ್ಪ ಕ್ಯಾನ್ವಾಸ್ ಚೀಲಕ್ಕೆ ಜರಡಿ ಹಿಡಿದ ಒಣ ಮರಳನ್ನು ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದರೆ ರೈಫಲ್ ಅದರ ಮೇಲೆ ಕೂರದೆ ಜಾರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಮರಳು ತೇವ ಹಿಡಿದು ಗಟ್ಟಿಯಾಗುವುದರಿಂದ ಆಗಾಗ ಬಿಸಿಲಿಗೆ ಹರವಬೇಕಾಗುತ್ತದೆ; ವಿಜಯಪುರದವರಿಗೆ ಈ ತಾಪತ್ರಯ ಕಡಿಮೆ. ಚೀಲದ ಮೇಲೆ ನಳಿಗೆಯ ಕೆಳಗಿರುವ ರೈಫಲಿನ ಕಟ್ಟಿನ (ಸ್ಟಾಕ್) ಮುಂಭಾಗವನ್ನು ಇಡಬೇಕೇ ಹೊರತು ನಳಿಗೆಯನ್ನಲ್ಲ, ಏಕೆಂದರೆ ನಳಿಗೆ ಒತ್ತಡಕ್ಕೆ ಸಿಕ್ಕರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಹೀಗೆ ಹೊಡೆದ ಐದು ಗುಂಡುಗಳು ಒತ್ತಾಗಿ ಬಿದ್ದರೆ ರೈಫಲ್ ಮತ್ತು ಗುಂಡು ಸರಿಯಿವೆ ಎಂದು ಬಹುಮಟ್ಟಿಗೆ ನಂಬಬಹುದು. ಆಗ ಗಮನವೆಲ್ಲ ಉಸಿರು ಮತ್ತು ಟ್ರಿಗರ್ ಬೆರಳಿನ ಮೇಲಿರಲಿ.

ಅನಂತರ ಚೀಲ ತೆಗೆದು, ಬೋರಲು ಮಲಗಿ, ರೈಫಲನ್ನು ತೋಳಿಗೆ ಜೋಡಿಸುವ ಪಟ್ಟಿಯಾದ ಸ್ಲಿಂಗ್ ಕಟ್ಟಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಇಷ್ಟು ಕಲಿಸುವ ಸಾಧನ ಬೇರೊಂದಿಲ್ಲ. ಬಲಗೈಯವರಾದರೆ ಎಡತೋಳಿಗೆ ಬಿಗಿಯುವ ಈ ಪಟ್ಟಿ ರೈಫಲಿನ ಭಾರವನ್ನು ಸ್ನಾಯುಗಳಿಂದ ತೆಗೆದು ಮೂಳೆಗಳಿಗೆ ವರ್ಗಾಯಿಸುತ್ತದೆ. ಪಟ್ಟಿ ತೋಳಿನ ನಡುಭಾಗದ ಒಳಬದಿಯ ರಕ್ತನಾಳವನ್ನು ಒತ್ತಿದರೆ, ಎದೆಬಡಿತಕ್ಕೆ ತಕ್ಕಂತೆ ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಮುಂದಿನ ಸೈಟ್ ಟಕ್ ಟಕ್ ಎಂದು ಹಾರುವುದು ಕಣ್ಣಿಗೇ ಕಾಣುತ್ತದೆ. ಆಗ ಪಟ್ಟಿಯನ್ನು ಭುಜದ ಹತ್ತಿರಕ್ಕೆ ಸರಿಸಿ ನೋಡಬೇಕು. ಬಳಿಕ ಗುರಿ ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಟ್ಟು, ಮತ್ತೆ ಕಣ್ಣು ತೆರೆಯಬೇಕು. ಸೈಟ್ ಗುರಿಯ ಪಕ್ಕಕ್ಕೆ ಸರಿದಿದ್ದರೆ ಅದನ್ನು ಕೈಯಿಂದ ಎಳೆದು ತರಬಾರದು. ಎಡ ಮೊಣಕೈಯನ್ನು ಊರಿದಲ್ಲೇ ಬಿಟ್ಟು ಸೊಂಟವನ್ನು ತುಸು ಸರಿಸಿದರೆ ಸಾಕು. ಚರ್ಮದ ಸ್ಲಿಂಗ್‌ಗೆ ಹೊಸ ತೂತು ಬೇಕಿದ್ದರೆ ಅಥಣಿಯಲ್ಲಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರ ಕೈಗೆ ಅದು ಕ್ಷಣದ ಕೆಲಸ. ಹೊಂದಿದ ತೂತಿಗೆ ಗುರುತು ಹಾಕಿಕೊಳ್ಳುವುದನ್ನು ಮಾತ್ರ ಮರೆಯಬಾರದು.

ಮಂಡಿಯೂರಿ ಹೊಡೆಯುವಾಗ ಪಾದದ ಗೆಣ್ಣಿನ ಕೆಳಗಿಡುವ ದಿಂಬಿನ ಸುರುಳಿ ಸ್ಪರ್ಧೆಯಲ್ಲಿ 25 ಸೆಂ.ಮೀ. ಉದ್ದ, 18 ಸೆಂ.ಮೀ. ವ್ಯಾಸ ಮೀರುವಂತಿಲ್ಲ. ಶೂಟರ್‌ಗಳು ತೊಡುವ ಬಿಗಿ ಜಾಕೆಟ್ ಬೆನ್ನಿಗೆ ಆಸರೆಯಾಗುತ್ತದೆ ನಿಜ, ಆದರೆ ಕಲಿಕೆಯ ಮೊದಲ ತಿಂಗಳುಗಳಲ್ಲೇ ಅದಕ್ಕೆ ಹಣ ಸುರಿಯುವುದು ಅನಗತ್ಯ.

ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ರೈಫಲ್ ತ್ರೀ ಪೊಸಿಷನ್ (ಮೂರು ಭಂಗಿಗಳ) ಸ್ಪರ್ಧೆಯಲ್ಲಿ ಮಂಡಿಯೂರಿದಾಗ ಮತ್ತು ಮಲಗಿದಾಗ ಸ್ಲಿಂಗ್ ಬಳಸಬಹುದು, ನಿಂತಾಗ ಬಳಸುವಂತಿಲ್ಲ. ಮರಳುಚೀಲಕ್ಕಂತೂ ಯಾವ ಭಂಗಿಯಲ್ಲೂ ಅವಕಾಶವಿಲ್ಲ. ಆದ್ದರಿಂದ ಪ್ರತಿ ಅಭ್ಯಾಸದ ಕೊನೆಯ ಸುತ್ತನ್ನಾದರೂ ಆಧಾರವಿಲ್ಲದೆ ಹೊಡೆದು, ಆ ಗುರಿಕಾಗದವನ್ನು ಮರಳುಚೀಲದ ಮೇಲೆ ಹೊಡೆದ ಕಾಗದದ ಪಕ್ಕ ಇಟ್ಟು ನೋಡಬೇಕು. ಎರಡರ ನಡುವೆ ಕಾಣುವ ವ್ಯತ್ಯಾಸವನ್ನೇ ಮರುದಿನದ ಪಾಠವಾಗಿ ತರಬೇತುದಾರರ ಮುಂದಿಡಬಹುದು.